ಬಂದು ಹೋದ ಮಾತು

ನಾವು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಹೊರಗೆ ಹೋದ ಕೂಡಲೇ ಕ್ಲಾಸ್ ಲೀಡರು ಎದ್ದು, ಕರಿಹಲಗೆಯ ಮೂಲೆಯಲ್ಲಿ ಮಾತಾಡುವವರ ಹೆಸರು ಬರೆಯಬೇಕಿತ್ತು. ಲೀಡರು ಅವಳು, ನನ್ನ ಗೆಳತಿ. ಪಟ್ಟಿಯಲ್ಲಿ ಮೊದಲ ಹೆಸರು ಖಾಯಮ್ಮಾಗಿ ನನ್ನದು. ಮೂವತ್ತೈದು ವರ್ಷ ಕಳೆದರೂ ಅವಳ ಕೆಲಸ ಬದಲಾಗಿಲ್ಲ, ಪಟ್ಟಿ ಮಾತ್ರ ತಿರುವುಮುರುವಾಗಿದೆ. ಈಗ ಅವಳು ಬರೆಯುವುದು ಮಾತಾಡದವರ ಹೆಸರು. ಅವರ ವಯಸ್ಸು ಎರಡು, ಎರಡೂವರೆ, ಹೆಚ್ಚೆಂದರೆ ನಾಲ್ಕು.

ಅವಳು ಸ್ಪೀಚ್ ಥೆರಪಿಸ್ಟ್. ಅವಳ ಕೋಣೆ ಇರುವುದು ಎರಡನೇ ಮಹಡಿಯಲ್ಲಿ. ಕೆಳಗೆ ಚಪ್ಪಲಿ ಅಂಗಡಿ, ಅದರ ಮೇಲೆ ಕನ್ನಡಕದ ಅಂಗಡಿ, ಅದರ ಮೇಲೆ ಇವಳು. ಕಾಲು, ಕಣ್ಣು, ಬಾಯಿ ಅಂತ ಕಟ್ಟಡದ ಮಾಲೀಕ ಮನುಷ್ಯನನ್ನು ಕೆಳಗಿನಿಂದ ಮೇಲಕ್ಕೆ ಬಾಡಿಗೆಗೆ ಕೊಟ್ಟುಬಿಟ್ಟಿದ್ದಾನೆ. ಕೋಣೆಯಲ್ಲಿ ನೆಲದಿಂದ ಶುರುವಾಗುವ ಒಂದು ಕನ್ನಡಿ, ಗೇಣುದ್ದದ ಎರಡು ಕುರ್ಚಿ, ನೀಲಿ ಚಾಪೆ, ಸೋಪಿನ ಗುಳ್ಳೆ ಊದುವ ಸೀಸೆ, ಗೋಡೆಯುದ್ದಕ್ಕೂ ತಿರುಗಿಸಿ ಬಿಗಿ ಮಾಡುವ ಮುಚ್ಚಳದ ಪಾರದರ್ಶಕ ಡಬ್ಬಿಗಳು. ಒಂದರಲ್ಲಿ ಕಾರು, ಒಂದರಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಬಣ್ಣದ ಮಣಿ. ವಸ್ತು ಕಾಣಬೇಕು, ಕೈಗೆ ಸಿಗಬಾರದು. ಮಗು ಡಬ್ಬಿಯನ್ನು ನೋಡುತ್ತದೆ, ಅಲ್ಲಾಡಿಸುತ್ತದೆ, ಕಚ್ಚುತ್ತದೆ, ಕೊನೆಗೆ ತಲೆಯೆತ್ತಿ ಇವಳ ಮುಖ ನೋಡುತ್ತದೆ. ಇವಳು ಮನಸ್ಸಿನಲ್ಲೇ ಹತ್ತು ಎಣಿಸುತ್ತ ಸುಮ್ಮನೆ ಕಾಯುತ್ತಾಳೆ. ಆ ಹತ್ತರೊಳಗೆ ಒಂದು ನೋಟ, ಒಂದು ಬೆರಳು, ಒಂದು ‘ಅ್ಞ’, ಏನು ಬಂದರೂ ಮುಚ್ಚಳ ತೆರೆಯುತ್ತದೆ. ಅವಳಿಗೆ ‘ಮುಚ್ಚಳದ ಮೇಡಂ’ ಎಂಬ ಬಿರುದು ಬಂದದ್ದು ಹೀಗೆ. “ಜನರ ಬಾಯಿ ಮುಚ್ಚಿಸೋಳು ಈಗ ಬಾಯಿ ಬಿಡಿಸ್ತಿದೀಯಾ?” ಎಂದು ನಾನು ಕೇಳಿದ್ದಕ್ಕೆ, “ನಿನ್ನಂಥವರ ಬಾಯಿ ಮುಚ್ಚಿಸಿದ ಪಾಪ ತೊಳ್ಕೋತಾ ಇದೀನಿ ಕಣೆ” ಅಂದಿದ್ದಳು.

ಪಾಪ ಎಂಬ ಮಾತನ್ನು ಅವಳು ತಮಾಷೆಗೆ ಆಡಿರಲಿಲ್ಲ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಹದಿನೆಂಟು ವರ್ಷದ ಹಿಂದೆ, ಅವಳು ಈ ಕೆಲಸಕ್ಕೆ ಹೊಸಬಳಾಗಿದ್ದಾಗ, ಒಬ್ಬ ತಾಯಿ ಎರಡು ತುಂಬದ ಮಗಳನ್ನು ಕರೆದುಕೊಂಡು ಬಂದಿದ್ದಳು. ಒಂದಷ್ಟು ಮಾತು ಬಂದಿತ್ತು, ಈಚೆಗೆ ಕಡಿಮೆ ಆಗಿದೆ ಅನ್ನಿಸುತ್ತದೆ ಎಂದಳು. ಅಂದು ಹೊರಗೆ ಹನ್ನೊಂದು ಮಕ್ಕಳು ಕಾಯುತ್ತಿದ್ದವು. ತಾಯಿಯ ಮುಖವೂ ‘ಕಾಯಿರಿ’ ಎಂಬ ಒಂದು ಮಾತಿಗಾಗಿಯೇ ಕಾಯುತ್ತಿತ್ತು. ಇವಳು ಆ ಮಾತನ್ನು ಕೊಟ್ಟುಬಿಟ್ಟಳು. “ಏನೂ ಗಾಬರಿ ಬೇಡ. ಒಂದಾರು ತಿಂಗಳು ಕಾಯಿರಿ, ಬರುತ್ತೆ.” ತಾಯಿ ನಕ್ಕು ಹೋದಳು. ಮತ್ತೆ ಬಂದದ್ದು ಒಂದೂವರೆ ವರ್ಷದ ಮೇಲೆ. ಆ ಹೊತ್ತಿಗೆ ಮಗುವಿನ ಬಾಯಲ್ಲಿ ಒಂದು ಮಾತೂ ಉಳಿದಿರಲಿಲ್ಲ.

ಆ ಹುಡುಗಿಗೆ ಈಗ ಇಪ್ಪತ್ತು. ದಿನಾ ಸಂಜೆ ಐದೂಕಾಲಕ್ಕೆ ತಾಯಿಯ ತೋಳು ಹಿಡಿದು ಇದೇ ರಸ್ತೆಯಲ್ಲಿ ಹೋಗುತ್ತಾಳೆ. ಎದುರಿನ ಉದ್ಯಾನದ ಕಬ್ಬಿಣದ ಬೇಲಿಯ ಒಂದೊಂದು ಸರಳನ್ನೂ ಮುಟ್ಟುತ್ತ ನಡೆಯುತ್ತಾಳೆ, ಒಂದು ತಪ್ಪಿದರೆ ಹಿಂದಕ್ಕೆ ಹೋಗಿ ಮುಟ್ಟಿ ಬರುತ್ತಾಳೆ. ಮಾತಿಲ್ಲ. ತಾಯಿ ಎಂದೂ ಇವಳನ್ನು ಬೈದವಳಲ್ಲ. ದಾರಿಯಲ್ಲಿ ಸಿಕ್ಕರೆ, “ಚೆನ್ನಾಗಿದೀರಾ ಮೇಡಂ?” ಎಂದು ಕೇಳುತ್ತಾಳೆ. ಬೈಗುಳಕ್ಕಾದರೆ ಉತ್ತರ ಕೊಡಬಹುದು. ವರ್ಷಗಟ್ಟಲೆ ಸಿಕ್ಕಾಗಲೆಲ್ಲ ಕ್ಷೇಮ ವಿಚಾರಿಸಿದರೆ ಮನುಷ್ಯ ಎಲ್ಲಿಗೆ ಹೋಗಬೇಕು? ಐದೂಕಾಲಕ್ಕೆ ಇವಳು ಕಿಟಕಿಯ ಹತ್ತಿರ ನಿಲ್ಲುವುದನ್ನೇ ಬಿಟ್ಟಳು. ಆದರೂ ಉಗುರು ಸರಳಿಗೆ ತಾಗುವ ಸದ್ದು, ಟಿಣ್, ಟಿಣ್, ಎರಡು ಮಹಡಿ ಹತ್ತಿ ಬರುತ್ತದಂತೆ. ಅಷ್ಟು ದೂರ ಕೇಳಿಸುವುದು ಸಾಧ್ಯವಿಲ್ಲ. ಕಿವಿಯ ವಿಷಯ ಓದಿದವಳು, ಅವಳಿಗೂ ಅದು ಗೊತ್ತು.

ನಾನು ಹೇಳಹೊರಟ ಹುಡುಗ ಅವಳ ಹತ್ತಿರ ಬಂದದ್ದು ಎರಡು ವರ್ಷ ಎರಡು ತಿಂಗಳ ವಯಸ್ಸಿನಲ್ಲಿ. ಕರೆದುಕೊಂಡು ಬಂದವರು ತಾತ, ತಾಯಿಯ ತಂದೆ. ರೈಲು ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನ ಮುಂದೆ ಕೂತು ಗಾಡಿಗಳು ಬರುವುದನ್ನೂ ಹೋಗುವುದನ್ನೂ ಸಾರಿ ನಿವೃತ್ತರಾದವರು. ದನಿ ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು. ಮೆಟ್ಟಿಲ ಕೆಳಗೆ ಅವರು ಕೆಮ್ಮಿದರೆ ಕನ್ನಡಕದ ಅಂಗಡಿಯವನು ಎದ್ದು ನಿಲ್ಲುತ್ತಿದ್ದ. ಮಗಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿಯ ಮೇಲೆ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಾಳೆ, ಅಳಿಯ ಲಾರಿ ಓಡಿಸುತ್ತಾನೆ, ಹದಿನೈದು ದಿನಕ್ಕೊಮ್ಮೆ ಮನೆ ಕಾಣುತ್ತಾನೆ. ಮೊಮ್ಮಗ ತಾತನ ಪಾಲು. ತಾತ ಅವನನ್ನು ‘ದೊರೆ’ ಎನ್ನುತ್ತಿದ್ದರು. ದೊರೆ ಕಣ್ಣು ಹೊರಳಿಸಿದ ಕಡೆಗೆ ಹಾಲು ಬರುತ್ತಿತ್ತು, ಬಾಳೆಹಣ್ಣು ಸುಲಿದು ಬರುತ್ತಿತ್ತು. ಇಂಥ ಆಸ್ಥಾನದಲ್ಲಿ ಬಾಯಿ ತೆರೆಯುವ ಜರೂರು ಯಾವ ದೊರೆಗಿದೆ?

“ಮನೇಲಿ ಏನೇನು ಮಾತಾಡ್ತಾನೆ ತಾತ?” ಎಂದು ಇವಳು ಕೇಳಿದಳು.

“ಏನು ಮಾತಾಡಲ್ಲ ಅಂತ ಕೇಳಿ! ಹದಿನಾಲ್ಕು ಮಾತು. ಎಣಿಸಿದೀನಿ. ಇಲ್ಲಿ ಹೊಸ ಜಾಗ, ಸಂಕೋಚ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ ಮೇಡಂ.”

“ಹಾಗಂದವರಿಗೆ ಎರಡು ವರ್ಷದ ಮೊಮ್ಮಗ ಇರಲಿಲ್ಲ ತಾತ. ಎಣಿಸಿದ್ರೆ ಸಾಲದು, ಬರೀರಿ. ಯಾವ ಮಾತು, ಯಾವತ್ತು, ಯಾರ ಹತ್ರ. ದಿನಾ.”

ಒಂದು ಪುಸ್ತಕ ಕೊಟ್ಟಳು. ಮೊದಲ ವಾರವೇ ಕಿವಿಯ ಪರೀಕ್ಷೆಗೂ ಕಳಿಸಿದಳು. ಆ ಹುಡುಗಿಯ ನಂತರ ಯಾವ ಮಗುವಿಗೂ ಅವಳು ಅದನ್ನು ತಪ್ಪಿಸಿಲ್ಲ. ಕಿವಿ ಸರಿಯಾಗಿತ್ತು. “ನಾನು ಹೇಳ್ಲಿಲ್ವಾ? ಗಾಡಿ ಬರೋದು ನನಗಿಂತ ಮುಂಚೆ ದೊರೆಗೇ ಗೊತ್ತಾಗುತ್ತೆ” ಎಂದರು ತಾತ.

ವಾರಕ್ಕೆ ಎರಡು ದಿನ. ಮೊದಲ ವಾರ ಅವಳೇ ಕಿವಿಯಾರೆ ಮೂರು ಮಾತು ಕೇಳಿದಳು. ಹಾಲಿಗೆ ‘ಆಲು’, ದೀಪಕ್ಕೆ ‘ಡೀಪಾ’, ಮತ್ತೆ ‘ಬಾ’. ಮೂರನೇ ವಾರ ‘ಆಲು’ ಕೇಳಲಿಲ್ಲ. ಐದನೇ ವಾರಕ್ಕೆ ‘ಬಾ’ ಒಂದೇ, ಅದೂ ಕನ್ನಡಿಯೊಳಗಿನ ಹುಡುಗನಿಗೆ. ಅವಳಿಗೆ ಅನುಮಾನ ಹುಟ್ಟಿತು. ಆದರೆ ಪುಸ್ತಕ ತೆರೆದರೆ ಎಲ್ಲ ಸರಿಯಾಗಿತ್ತು. ಗೆರೆ ಎಳೆದು, ದುಂಡಗಿನ ಅಕ್ಷರದಲ್ಲಿ, ‘ಡೀಪಾ, ಸಂಜೆ, ತಾತನ ಹತ್ತಿರ.’ ಮನೆಯಲ್ಲಿ ಮಾತಾಡಿ ಹೊರಗೆ ಮೂಗನಂತಿರುವ ಮಕ್ಕಳು ಬೇಕಾದಷ್ಟು. ಹುಡುಗ ಬಂದ ದಿನ ಒಮ್ಮೆ ಆ ಪುಸ್ತಕ ತಿರುವಿ ಹಾಕಿದರೆ ಅವಳಿಗೆ ಮನಸ್ಸು ಹಗುರಾಗುತ್ತಿತ್ತು.

ಏಳನೇ ವಾರ ತಾತನಿಗೆ ಹಲ್ಲುನೋವು. ತಾಯಿ ಪಾಳಿ ಬದಲಿಸಿಕೊಂಡು ತಾನೇ ಮಗುವನ್ನು ಕರೆತಂದಳು. ತೆಳ್ಳಗಿನ ಹುಡುಗಿ, ಇಸ್ತ್ರಿಯ ಆವಿಗೆ ಬೆರಳೆಲ್ಲ ಕೆಂಪಾಗಿತ್ತು. ಚಾಪೆಯ ಮೇಲೆ ಕೂತವಳನ್ನು ಇವಳು ಸುಮ್ಮನೆ ಮಾತಿಗೆಳೆದಳು.

“ನಿನ್ನೆ ಡೀಪಾ ಅಂದನಂತಲ್ಲಮ್ಮ, ದೀಪ ಹಚ್ಚಿದಾಗ್ಲಾ?”

“ನಿನ್ನೆನಾ?” ತಾಯಿ ಹುಬ್ಬು ಗಂಟಿಕ್ಕಿದಳು. “ಅವನು ಡೀಪಾ ಅಂದು ಒಂದು ತಿಂಗಳ ಮೇಲಾಯ್ತಲ್ಲ ಮೇಡಂ.”

“ಆಲು?”

“ಅದೂ ಇಲ್ಲ. ಅಮ್ಮ ಅಂತಿದ್ದ, ಅದು ಎಲ್ಲಕ್ಕಿಂತ ಮೊದಲು ಹೋಯ್ತು. ಅಪ್ಪ ನಿಮಗೆ ಹೇಳಿದಾರೆ ಅನ್ಕೊಂಡಿದ್ದೆ.” ಅವಳು ಮಗುವಿನ ಕಾಲುಚೀಲ ಸರಿಮಾಡುತ್ತ, ಬೇರೇನೋ ಹೇಳುವವಳಂತೆ ಹೇಳಿದಳು. “ನಾನು ಕೆಲಸದಿಂದ ಬಂದ್ರೆ ಬಾಗಿಲ ಸದ್ದಿಗೆ ತಿರುಗ್ತಾನೆ. ನನ್ನ ಕಡೆ ಅಲ್ಲ. ಬಾಗಿಲ ಕಡೆ.”

ಪುಸ್ತಕವನ್ನು ತನ್ನ ಹತ್ತಿರವೇ ಇಟ್ಟುಕೊಂಡು, ಅವರು ಹೋದ ಮೇಲೆ ಅವಳು ಅದನ್ನು ಮೊದಲಿನಿಂದ ಓದಿದಳು. ಮಾತುಗಳನ್ನಲ್ಲ, ದಿನಗಳನ್ನು. ‘ಆಲು’ ಸೋಮವಾರ, ಗುರುವಾರ. ‘ಡೀಪಾ’ ಮಂಗಳವಾರ, ಶನಿವಾರ. ‘ಅಮ್ಮ’ ಭಾನುವಾರ ಬೆಳಿಗ್ಗೆ. ಒಂದು ವಾರವೂ ತಪ್ಪಿರಲಿಲ್ಲ. ಅದು ಮಗುವಿನ ಮಾತಿನ ಪುಸ್ತಕವಲ್ಲ, ರೈಲ್ವೆ ವೇಳಾಪಟ್ಟಿ. ಲೋಕದಲ್ಲಿ ಯಾವ ಮಗುವೂ ವೇಳಾಪಟ್ಟಿಯ ಪ್ರಕಾರ ಮಾತಾಡುವುದಿಲ್ಲ. ಗಾಡಿಗಳೇ ಹಾಗೆ ಬರುವುದಿಲ್ಲ. ಮೊದಲ ತಿಂಗಳೇ ಕಾಣಬೇಕಾದದ್ದು ಅವಳಿಗೆ ಕಂಡಿರಲಿಲ್ಲ, ಯಾಕೆಂದರೆ ಕಾಣುವುದು ಅವಳಿಗೆ ಬೇಕಿರಲಿಲ್ಲ. ಹದಿನೆಂಟು ವರ್ಷದ ಹಿಂದೆ ಒಬ್ಬ ತಾಯಿಗೆ ಕೊಟ್ಟ ಸಮಾಧಾನವನ್ನೇ ಈಗ ಯಾರೋ ಅವಳಿಗೆ ಗೆರೆ ಎಳೆದು ಬರೆದುಕೊಟ್ಟಿದ್ದರು, ಅವಳು ಏಳು ವಾರ ಬಾಯಿ ಚಪ್ಪರಿಸಿ ತಿಂದಿದ್ದಳು.

ಮುಂದಿನ ಸಲ ತಾತ ಕೆನ್ನೆಗೆ ಕರವಸ್ತ್ರ ಕಟ್ಟಿಕೊಂಡು ಬಂದರು. ಹುಡುಗ ಚಾಪೆಯ ಮೇಲೆ ಕಾರನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸುತ್ತ ಕೂತ. ಅವಳು ಪುಸ್ತಕವನ್ನು ತಾತನ ಮುಂದಿಟ್ಟಳು.

“ತಾತ, ಇದರಲ್ಲಿ ಈಗ ನಿಜವಾಗಿ ಇರೋ ಮಾತು ಎಷ್ಟು?”

ಅವರು ಕರವಸ್ತ್ರ ಬಿಚ್ಚಿದರು, ಮಡಿಸಿದರು, ಮತ್ತೆ ಬಿಚ್ಚಿದರು. “ಎಲ್ಲಾ ಅವನು ಅಂದಿದ್ದೇ ಮೇಡಂ. ನಾನು ಒಂದಕ್ಷರ ಸುಳ್ಳು ಬರ್ದಿಲ್ಲ.”

“ಯಾವಾಗ ಅಂದಿದ್ದು?”

“ಅಂದಿದ್ದು ಅಂದಿದ್ದೇ ಅಲ್ವಾ? ಈಗ ಸ್ವಲ್ಪ ತಡ ಆಗಿದೆ.” ಮೂವತ್ತೊಂದು ವರ್ಷ ಊರಿಗೇ ಕೇಳಿಸಿದ ದನಿ ಕುರ್ಚಿಯಷ್ಟೆತ್ತರಕ್ಕೆ ಇಳಿದಿತ್ತು. “ತಡ ಆದ ಗಾಡೀನ ಬೋರ್ಡಿಂದ ಅಳಿಸೋ ಹಾಗಿಲ್ಲ ಮೇಡಂ. ಅಳಿಸಿದ್ರೆ ಕಾಯ್ತಿರೋರು ಎದ್ದು ಹೋಗ್ತಾರೆ. ರದ್ದು ಅಂತ ಮೇಲಿಂದ ಆರ್ಡರ್ ಬರೋವರೆಗೂ ತಡ ಅಂತಾನೇ ಹೇಳ್ತಿರ್ಬೇಕು. ನನ್ನ ಕೆಲಸ ಅದೇ ಆಗಿತ್ತು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾವು ಶಾಲೆಯಲ್ಲಿ ಐವತ್ತು ಸಲ ಕಾಪಿ ಬರೆದಿದ್ದೇವೆ, ಬಹುಪಾಲು ನನ್ನಿಂದಾಗಿ. ಆಡಿದ ಮಾತು ಹೀಗೂ ಹೋಗುತ್ತದೆ ಎಂದು ಯಾವ ಸಿಸ್ಟರೂ ಹೇಳಿರಲಿಲ್ಲ.

“ತಡವಾಗಿ ಬರೋದು ಬೇರೆ ತಾತ, ಬಂದಿದ್ದು ವಾಪಸ್ ಹೋಗೋದು ಬೇರೆ,” ಎಂದಳು. “ಮಾತು ಹೋಗ್ತಿದೆ. ಹೆಸರು ಕರೆದ್ರೆ ತಿರುಗಲ್ಲ. ಬೆರಳು ತೋರಿಸಲ್ಲ. ಇದನ್ನ ಮಕ್ಕಳ ಡಾಕ್ಟ್ರು ನೋಡ್ಬೇಕು, ಈ ತಿಂಗಳೇ. ನನ್ನ ಹತ್ರ ವಾರಕ್ಕೆ ನಾಲ್ಕು ದಿನ ಬರ್ಬೇಕು.”

“ಇವನಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು. ಈಗ ನಿಲ್ಸಪ್ಪ ಅಂದ್ರೂ ನಿಲ್ಸಲ್ಲ! ಒಂದಾರು ತಿಂಗಳು ಕಾಯೋಣ ಮೇಡಂ. ಆಮೇಲೆ ನೀವು ಹೇಳ್ದಂಗೆ.”

ಆರು ತಿಂಗಳು ಎಂಬುದನ್ನು ಅವರು ಹೇಳದಿದ್ದರೆ ಅವಳು ಮುಂದಿನದನ್ನು ಹೇಳುತ್ತಿರಲಿಲ್ಲವೋ ಏನೋ. ಹೊತ್ತು ಐದೂಕಾಲು ಆಗಿತ್ತು. ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ, “ಇಲ್ಲಿ ಬನ್ನಿ ತಾತ” ಎಂದಳು. ಕೆಳಗೆ ಬೇಲಿಯುದ್ದಕ್ಕೂ ಆ ಹುಡುಗಿ ಒಂದೊಂದೇ ಸರಳು ಮುಟ್ಟುತ್ತ ಹೋಗುತ್ತಿದ್ದಳು. “ಅವಳಮ್ಮ ಅವಳನ್ನ ನನ್ನ ಹತ್ರ ಕರ್ಕೊಂಡು ಬಂದಿದ್ರು, ಇವನಿಗಿಂತ ಚಿಕ್ಕ ವಯಸ್ಸಲ್ಲಿ. ಮಾತು ಹೋಗ್ತಿದೆ ಅಂದ್ರು. ಆರು ತಿಂಗಳು ಕಾಯಿರಿ ಅಂದವಳು ನಾನು.”

ತಾತ ಕೆಳಗೆ ನೋಡಿದರು. ಹುಡುಗಿ ಒಂದು ಸರಳು ತಪ್ಪಿಸಿದಳು, ಹಿಂದೆ ಬಂದಳು, ಮುಟ್ಟಿದಳು.

“ಕಾಯದೆ ಇದ್ದಿದ್ರೆ ಮಾತು ಬರ್ತಿತ್ತಾ?”

“ಗೊತ್ತಿಲ್ಲ. ಅದನ್ನ ನಾನು ಯಾವತ್ತೂ ತಿಳ್ಕೊಳ್ಳೋಕಾಗಲ್ಲ.”

ತಾತ ಕಿಟಕಿ ಬಿಟ್ಟು ಬಂದರು. ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಚಪ್ಪಲಿ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ತಮ್ಮ ಮನೆಯ ದಿಕ್ಕಿಗಲ್ಲ, ಬೇಲಿಯ ದಿಕ್ಕಿಗೆ ತಿರುಗಿದ್ದು ಅವಳಿಗೆ ಕಾಣಿಸಿತು.

ಮುಂದಿನ ಸಲ ಅವರು ಬರಲಿಲ್ಲ. ಅದರ ಮುಂದಿನ ಸಲವೂ ಇಲ್ಲ. ಆ ಹೊತ್ತಿಗೆ ಬೇರೆ ಮಗುವನ್ನು ಕರೆಯಬಹುದಿತ್ತು. ಅವಳು ಕರೆಯದೆ, ಖಾಲಿ ಕುರ್ಚಿಯ ಎದುರು ಮುಕ್ಕಾಲು ಗಂಟೆ ಕೂತಳು. ಒಂದು ಮಗುವನ್ನು ‘ಕಾಯಿರಿ’ ಎಂದು ಕಳೆದುಕೊಂಡಿದ್ದಾಯಿತು, ಇನ್ನೊಂದನ್ನು ‘ಕಾಯಬೇಡಿ’ ಎಂದು ಕಳೆದುಕೊಂಡೆನೇ ಎನ್ನಿಸಿತು. ವಾರದ ಕೊನೆಗೆ ತಾಯಿಗೆ ಫೋನು ಮಾಡಿದಳು.

“ಅಪ್ಪ ಯಾರ ಜೊತೆನೂ ಮಾತಾಡ್ತಿಲ್ಲ ಮೇಡಂ,” ಎಂದಳು ತಾಯಿ. ಹಿಂದೆ ಲಾಂಡ್ರಿಯ ಯಂತ್ರಗಳು ಗಿರಗಿರ ಎನ್ನುತ್ತಿದ್ದವು. “ಈಗ ಮನೇಲಿ ಇಬ್ಬರಾದ್ರು.” ನಗಲು ಹೋಗಿ, ನಗು ಬಾರದೆ ಫೋನಿಟ್ಟಳು.

ಹನ್ನೊಂದನೇ ದಿನ ಮೆಟ್ಟಿಲ ಕೆಳಗೆ ಕೆಮ್ಮು ಕೇಳಿಸಿತು. ತಾತ, ಮಗಳು, ಮೊಮ್ಮಗ, ಮೂವರೂ ಬಂದರು. ತಾತ ಗೇಣುದ್ದದ ಕುರ್ಚಿಯ ಮೇಲೆ ಮಂಡಿ ಗಲ್ಲಕ್ಕೆ ತಾಗುವಂತೆ ಕೂತರು.

“ಆ ಅಮ್ಮನ ಮನೆಗೆ ಹೋಗಿದ್ದೆ. ಅವತ್ತೇ. ಆಮೇಲೂ ಎರಡು ಸಲ.”

ಅವಳು ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟಳು.

“ನಿಮ್ಮನ್ನ ಬೈತಾರೆ ಅಂತ ಹೋದೆ ಮೇಡಂ, ನಿಜ ಹೇಳ್ಬೇಕಂದ್ರೆ. ಬೈದಿದ್ರೆ ನನಗೂ ಬೈಯೋಕೆ ಒಬ್ಬರು ಸಿಗ್ತಿದ್ರು. ಅವರು ಬೈಲಿಲ್ಲ. ಏನಂದ್ರು ಗೊತ್ತಾ? ‘ಕಾಯಿರಿ ಅಂದ್ರಲ್ಲ, ಆ ಆರು ತಿಂಗಳು ನಾನು ತುಂಬಾ ಸುಖವಾಗಿದ್ದೆ. ಅಷ್ಟು ಸುಖ ಆಮೇಲೆ ಬರಲೇ ಇಲ್ಲ. ಅದನ್ನ ಬಿಡೋಕೆ ಮನಸ್ಸಾಗದೆ ಇನ್ನೊಂದು ವರ್ಷ ನಾನೇ ಹೋಗಲಿಲ್ಲ. ಅದನ್ನ ಯಾರಿಗೂ ಹೇಳಿಲ್ಲ’ ಅಂದ್ರು.” ತಾತ ಅವಳ ಕಡೆಗೆ ಬಗ್ಗಿದರು. “ನೀವು ಆರು ತಿಂಗಳ ಲೆಕ್ಕ ಹಿಡ್ಕೊಂಡು ಕೂತಿದೀರಿ, ಅವರು ಒಂದು ವರ್ಷದ್ದು. ಅವರ ಮುಂದೆ ಕೂತಿದ್ದಾಗ ನನಗೆ ಹೊಳೀತು, ನಾನೂ ಈ ಪುಸ್ತಕ ಬರೀತಾ ಸುಖವಾಗಿದ್ದೆ ಅಂತ.”

ಮಗಳು ಅಪ್ಪನ ಬೆನ್ನ ಮೇಲೆ ಕೈಯಿಟ್ಟಳು. “ಡಾಕ್ಟ್ರ ಹತ್ರ ಯಾವತ್ತು ಹೋಗ್ಬೇಕು ಮೇಡಂ?” ಎಂದು ಕೇಳಿದಳು. “ಹೇಳಿ, ನಾನು ರಜಾ ಹಾಕ್ತೀನಿ.”

ಡಾಕ್ಟರು ಎರಡು ದಿನ ನೋಡಿ ಆಟಿಸಂ ಎಂದರು. ಇದು ಯಾರ ತಪ್ಪೂ ಅಲ್ಲ, ಯಾರೂ ಮಾಡಿದ್ದಲ್ಲ, ಆದರೆ ಈಗ ಮಾಡುವ ಕೆಲಸ ಬಹಳ ಇದೆ ಎಂದರು. ತಾಯಿ ಅಂದು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅತ್ತಳು, ಮರುದಿನ ಪಾಳಿಗೆ ಹೋದಳು. ಅಳಿಯ ಲಾರಿ ನಿಲ್ಲಿಸಿ ಬಂದು ನಾಲ್ಕು ದಿನ ಮನೆಯಲ್ಲಿದ್ದ, ಮಗನ ಜೊತೆ ಚಕ್ರ ತಿರುಗಿಸುವುದನ್ನು ಕಲಿತು ಹೋದ.

ಆಮೇಲೆ ನಡೆದದ್ದು ಕಥೆಯಲ್ಲಿ ಹೇಳುವಂಥದ್ದಲ್ಲ. ವಾರಕ್ಕೆ ನಾಲ್ಕು ದಿನ, ಅದೇ ಚಾಪೆ. ತಾತನಿಗೆ ಅತ್ಯಂತ ಕಷ್ಟವಾದ ಪಾಠ ಸುಮ್ಮನಿರುವುದು. ದೊರೆ ಕಣ್ಣು ಹೊರಳಿಸಿದರೆ ಅವರ ಕೈ ತಾನಾಗಿ ಹಾಲಿನ ಲೋಟಕ್ಕೆ ಹೋಗುತ್ತಿತ್ತು. “ಕೈ ಕಟ್ಕೊಳ್ಳಿ ತಾತ” ಎಂದು ಅವಳು ಗದರಬೇಕಿತ್ತು. ಎರಡನೇ ತಿಂಗಳು ಹುಡುಗ ಹೆಸರು ಕರೆದರೆ ಹತ್ತರಲ್ಲಿ ಮೂರು ಸಲ ತಿರುಗಿದ. ಮೂರನೇ ತಿಂಗಳು, ಬೇಕಾದ್ದನ್ನು ಕೇಳಲೆಂದು ಅವಳು ಕೊಟ್ಟಿದ್ದ ಚಿತ್ರದ ಚೀಟಿಗಳಲ್ಲಿ ಹಾಲಿನದನ್ನು ಎತ್ತಿ ತಾಯಿಯ ಕೈಗೆ ಕೊಟ್ಟ. ತಾಯಿ ಆ ಚೀಟಿಯನ್ನು ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತೇ ಇದ್ದಳಂತೆ, ಹಾಲು ಉಕ್ಕಿ ಒಲೆ ಆರಿದರೂ. ನಾಲ್ಕನೇ ತಿಂಗಳು ಜ್ವರ ಬಂದು ಎಲ್ಲ ಹಿಂದಕ್ಕೆ ಹೋಯಿತು. ಐದನೇ ತಿಂಗಳು ಮತ್ತೆ ಮೊದಲಿನಿಂದ. ಆರನೇ ತಿಂಗಳು ಆಕಾಶದಲ್ಲಿ ಹೋಗುವ ವಿಮಾನದ ಕಡೆ ಬೆರಳು ತೋರಿಸಿ, ಹಿಂದೆ ತಿರುಗಿ ತಾತನ ಮುಖ ನೋಡಿದ. ನೋಡಿದೆಯಾ ಎಂದು ಕೇಳುವ ಹಾಗೆ. ತಾತ ಆ ದಿನ ನೆರೆಯವರಿಗೆಲ್ಲ ವಿಮಾನದ ಸುದ್ದಿ ಹೇಳಿದರು. ರೈಲ್ವೆಯವರಿಗೆ ವಿಮಾನದ ಮೇಲೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲಿರಬೇಕು.

ಮಾತು ಮಾತ್ರ ಇಲ್ಲ. ಹೋದ ಹದಿನಾಲ್ಕರಲ್ಲಿ ಒಂದೂ ಮರಳಲಿಲ್ಲ. ಆಗಾಗ ಗುಳ್ಳೆ ಒಡೆದಾಗ ಹುಡುಗನ ತುಟಿ ‘ಬ’ಕಾರಕ್ಕೆ ಕೂಡಿ, ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತಿತ್ತು. ಖಾಲಿ ಮನೆಯೊಂದರ ಬಾಗಿಲು ಗಾಳಿಗೆ ತೆರೆದು ಮುಚ್ಚಿದ ಹಾಗೆ. ಅದನ್ನು ನೋಡಿದ ದಿನ ಅವಳು ಊಟ ಬಿಡುತ್ತಿದ್ದಳು ಎಂದು ನನಗೆ ಗೊತ್ತು.

ಒಂಬತ್ತನೇ ತಿಂಗಳ ಒಂದು ಬೆಳಿಗ್ಗೆ, ಸಮಯ ಮುಗಿದು, ತಾತ ಹುಡುಗನ ಕಾಲಿಗೆ ಬೂಟು ಹಾಕಲು ಬಗ್ಗಿದರು. ಹುಡುಗ ಕಾಲು ಹಿಂದಕ್ಕೆಳೆದುಕೊಂಡ. ತಾತ ಮತ್ತೆ ಹಿಡಿದರು.

“ಬೇಡ,” ಎಂದ ಹುಡುಗ.

 ತಾತನ ಕೈಯಲ್ಲಿ ಬೂಟು ಹಾಗೇ ಇತ್ತು. ಹದಿನಾಲ್ಕರಲ್ಲಿ ಇದು ಇರಲಿಲ್ಲ. ಯಾರೂ ಕಲಿಸಿದ್ದಲ್ಲ.

“ಅಪ್ಪಣೆ ಆಯ್ತು ಮೇಡಂ!” ಎಂದರು ತಾತ ಕೊನೆಗೆ. ಕಣ್ಣು ಒರೆಸಿಕೊಳ್ಳಲು ಹೋಗಿ ಬೂಟನ್ನೇ ಕೆನ್ನೆಗೆ ಒತ್ತಿಕೊಂಡರು. “ದೊರೆ ಬೂಟು ಬೇಡ ಅಂದ್ಮೇಲೆ ಬೂಟು ಬೇಡ. ಬರಿಗಾಲಲ್ಲೇ ಎತ್ಕೊಂಡು ಹೋಗ್ತೀನಿ.” ಆಮೇಲೆ, ಹುಡುಗನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು, ತಗ್ಗಿದ ದನಿಯಲ್ಲಿ ಕೇಳಿದರು. “ಇದು ಹೋಗಲ್ಲ ಅಲ್ವಾ ಮೇಡಂ? ಬಂದಿದ್ದು ಬಂದ ಹಾಗೇ ಅಲ್ವಾ?”

ಹೌದು ಎಂಬುದು ನಾಲಿಗೆಯ ತುದಿಗೆ ಬಂದಿತ್ತು ಎಂದು ಅವಳು ನನಗೆ ಹೇಳಿದಳು.

“ಗೊತ್ತಿಲ್ಲ ತಾತ. ನಾಳೆನೂ ಕರ್ಕೊಂಡು ಬನ್ನಿ.”

“ನಾಳೆ ನಮ್ಮ ದಿನ ಅಲ್ವಲ್ಲ.”

“ಆದ್ರೂ ಬನ್ನಿ.”

ತಾತ ಮೆಟ್ಟಿಲಿಳಿದರು. “ಹೇಳೋ ದೊರೆ, ಬೇಡ ಅನ್ನು ನೋಡೋಣ. ಇನ್ನೊಂದ್ಸಲ. ತಾತನಿಗೆ ಬೇಡ ಅನ್ನು.” ಹೇಳು ಹೇಳು ಎಂದು ಮಗುವಿನ ಬೆನ್ನು ಹತ್ತಬಾರದು, ಅದು ಅವಳು ಮನೆಯವರಿಗೆ ಹೇಳಿಕೊಡುವ ಮೊದಲ ಪಾಠ. ಮೇಲಿನಿಂದ ಕೂಗಿ ನಿಲ್ಲಿಸಬೇಕಿತ್ತು. ಅವಳು ಕೂಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಉಸಿರು ಹಿಡಿದು ನಿಂತಳು. ಕನ್ನಡಕದ ಅಂಗಡಿಯ ಹತ್ತಿರ ತಾತ ಮತ್ತೆ ಕೇಳಿದರು. ಉತ್ತರವಿಲ್ಲ. ಚಪ್ಪಲಿ ಅಂಗಡಿಯ ಹತ್ತಿರ ಮತ್ತೊಮ್ಮೆ ಕೇಳಿದರು. ಬೀದಿಯ ಗದ್ದಲ ಅವರ ದನಿಯನ್ನು ನುಂಗಿದ ಮೇಲೂ ಅವಳು ಬಹಳ ಹೊತ್ತು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು.